ರಿಂಗಿನ ಸಂದಿಗೆ ಇಟ್ಟ ಕಾಸು

ತಾವು ಮಾಡಿದ ಕೆಲಸಕ್ಕೆ ದೇವರನ್ನು ಅಡ್ಡ ನಿಲ್ಲಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವತ್ತಿಗೂ.

ಶಿರಂಗಾಲದ ಕಡೆ, ನಮ್ಮೂರಿನ ಬಯಲಲ್ಲೇ, ಗಾಳಿಯಂತ್ರದ ಗೋಪುರ ಏಳುತ್ತಿತ್ತು. ಕಬ್ಬಿಣದ್ದಲ್ಲ, ಕಾಂಕ್ರೀಟಿನದು. ಬಾವಿಗೆ ಇಳಿಸುವ ರಿಂಗುಗಳನ್ನೇ ಮನೆಯಷ್ಟು ಅಗಲ ಮಾಡಿ ಒಂದರ ಮೇಲೊಂದು ಕೂರಿಸಿದ ಹಾಗೆ. ಆ ರಿಂಗುಗಳ ಸಂದಿಗಳನ್ನು ಪರೀಕ್ಷಿಸುವ ಇಂಜಿನಿಯರ್ ನಾನು. ನಡುವೆ ಸಿಮೆಂಟೂ ಇಲ್ಲ, ಅಂಟೂ ಇಲ್ಲ. ಎರಡು ರಿಂಗುಗಳ ಮುಖವನ್ನೂ ನುಣ್ಣಗೆ ಉಜ್ಜಿ ಕೂರಿಸಿ, ಉಕ್ಕಿನ ಕೇಬಲ್ ಎಳೆದು ಬಿಗಿಯುತ್ತೇವೆ. ಗಾಳಿ ತಳ್ಳಿದಾಗ ಗೋಪುರದ ಒಂದು ಬದಿಯ ಸಂದಿ ಬಾಯಿ ಬಿಡಲು ನೋಡುತ್ತದೆ; ಬಿಡದಂತೆ ಹಿಡಿಯುವುದು ಆ ಬಿಗಿತ. ಹಾಗಾಗಿ ಮುಖಕ್ಕೆ ಮುಖ ಪೂರ್ತಿ ಕೂತಿರಬೇಕು. ನಡುವೆ ಏನಾದರೂ ಸಿಕ್ಕಿಕೊಂಡರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ.

ಉಜ್ಜುವ ಕೆಲಸ ನಮ್ಮೂರಿನ ಮೇಸ್ತ್ರಿಯದು. ಅಮ್ಮ ಅವರನ್ನು ಅಣ್ಣ ಅನ್ನುವುದರಿಂದ ನನಗೆ ಮಾವ. ಬುಡದ ರಿಂಗಿನ ಮೇಲೆ ಎರಡನೆಯದನ್ನು ಕೂರಿಸುವ ಬೆಳಿಗ್ಗೆ ನಾನು ಮುಂದಿನ ರಿಂಗು ನೋಡಲು ಅದನ್ನು ಎರೆಯುವ ಜಾಗಕ್ಕೆ ಹೋಗಿದ್ದೆ. ಆಗ ಸೈಟ್ ಮ್ಯಾನೇಜರ್ ಪೂಜೆ ಮಾಡಿಸಿದರು. ಮಾಡಿಸಲಿ, ಯಾರು ಬೇಡ ಅಂದರು? ಆದರೆ ಮನೆಗೆ ಬಾಗಿಲು ನಿಲ್ಲಿಸುವಾಗ ಹೊಸಿಲ ಕೆಳಗೆ ಕಾಸು ಇಡುತ್ತೇವಲ್ಲ, ಹಾಗೇ ಉಜ್ಜಿದ ಮುಖದ ಮೇಲೆ ದಪ್ಪ ಕಾಸೊಂದನ್ನು ತಮ್ಮ ಕೈಯಾರೆ ಇಟ್ಟು, ಮೇಲಿಂದ ರಿಂಗು ಇಳಿಸಿದರು! ನನ್ನ ಕಿವಿಗೆ ಯಾರೂ ಹಾಕಲಿಲ್ಲ.

ಕೇಬಲ್ ಎಳೆದ ದಿನ ಚಟ್ ಅಂತ ಸದ್ದಾಯಿತು. ಸಂದಿಯ ಅಂಚಿನಲ್ಲಿ ಅಂಗೈಯಗಲ ಕಾಂಕ್ರೀಟ್ ಕಿತ್ತು ಬಂದು, ಅಲ್ಲಿಂದ ಬಿರುಕೊಂದು ಮೇಲಕ್ಕೆ ಓಡಿತು. ಮ್ಯಾನೇಜರ್ ಬಂದವರೇ, "ಮೇಸ್ತ್ರಿ ಸರಿಯಾಗಿ ಉಜ್ಜಿಲ್ಲ. ನಾಳೆಯಿಂದ ಬರೋದು ಬೇಡ" ಅಂದುಬಿಟ್ಟರು.

ನಾನು ಟಾರ್ಚ್ ಹಾಕಿ ನೋಡಿದೆ. ಕಿತ್ತ ಜಾಗದೊಳಗೆ ಕಾಸಿನ ಅಂಚು ಹೊಳೆಯುತ್ತಿತ್ತು. "ಇದೇನ್ ಸಾರ್ ಇದು?"

"ಅದು ದೇವರ ಕಾಸು ಮೇಡಂ, ಪೂಜೆ ದಿನ ನಾನೇ ಇಟ್ಟಿದ್ದು. ಅದರಿಂದ ಬಿರುಕು ಬರುತ್ತಾ? ಅಪಶಕುನ ನುಡೀಬೇಡಿ."

ಅದಕ್ಕಿಂತ ಹೆಚ್ಚು ಉರಿಸಿದ್ದು ಮಾವನ ಮಾತು. "ಬಿಡು ಕಣವ್ವ, ದೇವ್ರ ಮೇಲೆ ಹಾಕ್ಬೇಡ. ನಂದೇ ತಪ್ಪು ಅಂತ ಇರ್ಲಿ."

"ದೇವ್ರೇನು ಕಾಸಿಟ್ನಾ ಮಾವ? ಇಟ್ಟೋರು ಇಲ್ಲೇ ನಿಂತವ್ರೆ!" ಅಂದೆ, ಎಲ್ಲರ ಎದುರಿಗೇ. ಉಜ್ಜಿ ಉಜ್ಜಿ ಕೈ ಸುಲಿದುಕೊಂಡವರಿಗೆ ಕೆಟ್ಟ ಹೆಸರು, ಪಂಚೆ ಉಟ್ಟು ಕಾಸು ಇಟ್ಟವರಿಗೆ ಪುಣ್ಯ! ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುವುದು ಸುಳ್ಳಲ್ಲ.

ಆ ರಿಂಗು ಇಳಿಸದೆ ಮೂರನೆಯದನ್ನು ಏರಿಸಲು ಬಿಡುವುದಿಲ್ಲ ಎಂದು ಹಟ ಹಿಡಿದೆ. ಕೊನೆಗೆ ಗೊಣಗುತ್ತಲೇ ಕೇಬಲ್ ಸಡಿಲಿಸಿ, ಕ್ರೇನ್ ಹಚ್ಚಿ ಇಳಿಸಿದರು. ಕಾಸು ಕೂತ ಜಾಗ ಬಿಟ್ಟರೆ ಮಾವ ಉಜ್ಜಿದ ಮುಖದಲ್ಲಿ ಒಂದು ಕೂದಲೆಳೆಯ ದೋಷವೂ ಇರಲಿಲ್ಲ. ಒಡೆದ ರಿಂಗಿನ ಬದಲು ಹೊಸದು ತರಿಸಿದರು. ಮಾವನನ್ನು ಮಾತ್ರ ಕರೆಯಲಿಲ್ಲ. ಆ ಕೆಲಸಕ್ಕೆ ಬೇರೆಯವರು ಬಂದಾಯಿತಂತೆ! ಮಾವ ಉಜ್ಜಿದ ಗೋಪುರ ಬಿರುಕು ಬಿಟ್ಟಿತಂತೆ ಎಂದು ಊರೆಲ್ಲ ಆಗಲೇ ಆಡಿಕೊಳ್ಳುತ್ತಿತ್ತು.

ರಿಂಗು ಇಳಿಸಿದ ದಿನ ಸಂಜೆಯೇ ಮಾವನ ಮನೆಗೆ ಹೋಗಿ, ಕಾಸು ತೆಗೆಸಿದೆವು, ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ ಅಂದೆ. ಅವರು ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ತೆಗೆಯೋವಾಗ ಕಾಸನ್ನ ಯಾರೂ ತುಳೀಲಿಲ್ಲ ತಾನೆ?"

"ಕಾಸನ್ನ ಯಾರೂ ತುಳೀಲಿಲ್ಲ ಮಾವ," ಅಂದೆ. "ನಿಮ್ಮನ್ನ ತುಳಿದ್ರು."