ಕೂಸಿಗೆ ಮುಂಚೆ ಕುಲಾವಿ

ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಹೊಸ ಗ್ರಹ ಸಿಕ್ಕಿತು ಅನ್ನಿಸಿದರೂ ಅದನ್ನು ಗ್ರಹ ಅನ್ನುವಂತಿಲ್ಲ. ಚುನಾವಣೆಗೆ ನಿಂತವರನ್ನು ಕರೆದ ಹಾಗೆ ‘ಕ್ಯಾಂಡಿಡೇಟ್’ ಅನ್ನಬೇಕು. ಬೇರೆ ನಕ್ಷತ್ರವನ್ನು ಸುತ್ತುವ ಗ್ರಹ ಸಾಮಾನ್ಯವಾಗಿ ಯಾವ ದುರ್ಬೀನಿಗೂ ಕಾಣುವುದಿಲ್ಲ. ಅದು ತನ್ನ ನಕ್ಷತ್ರದ ಎದುರು ಹಾದುಹೋಗುವಾಗ ನಕ್ಷತ್ರದ ಬೆಳಕು ಕೂದಲೆಳೆಯಷ್ಟು ಕುಗ್ಗುತ್ತದೆ. ಉಪಗ್ರಹವೊಂದು ಅಳೆದು ಕಳಿಸಿದ ಆ ಬೆಳಕು ನನ್ನ ಕಂಪ್ಯೂಟರಿನಲ್ಲಿ ಗೆರೆಯಾಗಿ ಬರುತ್ತದೆ. ಗೆರೆಯಲ್ಲಿ ತಗ್ಗು ಹುಡುಕುವುದೇ ನನ್ನ ಸಂಬಳದ ಕೆಲಸ. ಒಂದು ತಗ್ಗು ಕಂಡರೆ ನಂಬುವುದಿಲ್ಲ. ಎರಡು ಕಂಡರೆ ಅನುಮಾನ. ಅಷ್ಟೇ ಅಂತರದಲ್ಲಿ ಮೂರನೆಯದೂ ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಆದರೂ ಬಾಯಿ ಮುಚ್ಚಿಕೊಂಡಿರುತ್ತೇವೆ. ಉಪಗ್ರಹವೇ ಅಲುಗಾಡಿರಬಹುದು. ಹಿಂದೆ ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರ ಅಡಗಿ ಮೋಸ ಮಾಡುತ್ತಿರಬಹುದು. ಗ್ರಹದ ಸೆಳೆತಕ್ಕೆ ನಕ್ಷತ್ರ ತುಸು ಓಲಾಡುತ್ತಿದೆ ಎಂದು ನೆಲದ ಮೇಲಿನ ದೊಡ್ಡ ದುರ್ಬೀನು ಖಾತ್ರಿ ಮಾಡುವವರೆಗೆ ಸಿಹಿ ಹಂಚುವಂತಿಲ್ಲ.

ಅಮ್ಮನದೂ ಇದೇ ಶಾಸ್ತ್ರ. ಕೆ.ಆರ್. ಪುರದ ಕಡೆ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವಳು, ನನ್ನ ಹೆರಿಗೆಗೆಂದು ಮರ್ಫಿ ಟೌನಿನ ನಮ್ಮ ಮನೆಗೆ ಬಂದಿದ್ದಳು. ಹುಟ್ಟುವ ಮುಂಚೆ ಮಗುವಿಗೆಂದು ಒಂದು ಎಳೆ ನೂಲನ್ನೂ ತರಬಾರದು ಎಂಬುದು ಅವಳ ಹಟ. ನಾನು ಇಂದಿರಾನಗರದಿಂದ ಬಾತುಕೋಳಿ ಚಿತ್ರದ ಪುಟ್ಟ ಅಂಗಿ ತಂದಾಗ, “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ” ಎಂದು ಮುಖ ಗಂಟಿಕ್ಕಿ, ವಾಪಸ್ ಕೊಡಿಸಿಯೇ ಬಿಟ್ಟಳು. ಮೂಢನಂಬಿಕೆ ಎಂದು ನಾನು ರೇಗಿದೆ. ಆಫೀಸಿನಲ್ಲಿ ನಾವು ಮಾಡುವುದು ಮಾತ್ರ ವಿಜ್ಞಾನ, ನೋಡಿ.

ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಮಗು ಒದೆಯಲಿಲ್ಲ. ತಿಂಡಿ ತಿಂದೆ, ತಣ್ಣೀರು ಕುಡಿದೆ, ಎಡಮಗ್ಗುಲಾಗಿ ಮಲಗಿ ಹೊಟ್ಟೆ ತಟ್ಟಿದೆ. ಏನೂ ಇಲ್ಲ. ಗಂಡ ಆಗಲೇ ಗರುಡಾಚಾರ್‌ಪಾಳ್ಯದ ಆಫೀಸಿಗೆ ಹೋಗಿಯಾಗಿತ್ತು. ಅವನಿಗೆ ಫೋನು ಮಾಡಿ, ಅಮ್ಮನ ಜೊತೆ ಆಟೋ ಹತ್ತಿ ಹಲಸೂರಿನ ಹೆರಿಗೆ ಆಸ್ಪತ್ರೆಗೆ ಹೊರಟೆ. ಹತ್ತಿರದ ದಾರಿಯೇ, ಆದರೆ ಅವತ್ತು ಸಿಗ್ನಲ್ಲು ಬಿಡಲೇ ಇಲ್ಲ. ಅಮ್ಮ ತೊಡೆಯ ಮೇಲಿದ್ದ ಬಟ್ಟೆಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅದರಲ್ಲಿ ನನ್ನ ನೈಟಿ, ಟವೆಲ್ಲು ಇದೆ ಅಂದುಕೊಂಡೆ.

ಆಸ್ಪತ್ರೆಯಲ್ಲಿ ನರ್ಸ್ ನನ್ನ ಹೊಟ್ಟೆಗೆ ಎರಡು ಬೆಲ್ಟ್ ಬಿಗಿದರು. ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಹೊಟ್ಟೆ ಬಿಗಿಯುವುದನ್ನು ಅಳೆಯುವುದಕ್ಕೆ. ದಡದಡ ಎಂಬ ಸದ್ದು ಕೇಳಿತು. ಅಮ್ಮ ಕಣ್ಣುಮುಚ್ಚಿ ಕೈಮುಗಿದಳು. ಯಂತ್ರ ಕಾಗದ ಉಗುಳತೊಡಗಿತು. ಮೇಲೊಂದು ಗೆರೆ, ಕೆಳಗೊಂದು ಗೆರೆ. ಬೇರೆ ಯಾವ ಬಸುರಿಯಾದರೂ ಗೋಡೆ ನೋಡುತ್ತಾ ಮಲಗುತ್ತಿದ್ದಳು. ನನಗೆ ಗೆರೆ ಓದುವುದು ಬರುತ್ತದೆ, ಅದೇ ನನ್ನ ಕರ್ಮ.

ಮೇಲಿನ ಗೆರೆ ತಗ್ಗಿಗಿಳಿದು ಮೆಲ್ಲಗೆ ಮೇಲೆ ಬಂತು. ಸದ್ದೂ ಆಗ ನಿಧಾನವಾಗಿತ್ತು. ಬೆಲ್ಟ್ ಜಾರಿರಬೇಕು, ಇನ್ನೊಮ್ಮೆ ಕಟ್ಟಿ ಅಂದೆ. ಯಂತ್ರವನ್ನು ಮೊದಲು ಅನುಮಾನಿಸುವುದು ನಮ್ಮ ಕಸುಬಿನ ಚಾಳಿ. ಆದರೆ ಯಂತ್ರ ಕೆಟ್ಟಿರಲಿ ಎಂದು ದೇವರಲ್ಲಿ ಬೇಡಿಕೊಂಡದ್ದು ಅವತ್ತೇ ಮೊದಲು. ನರ್ಸ್ ಕಟ್ಟಿದರು. ಸ್ವಲ್ಪ ಹೊತ್ತಿಗೆ ನನ್ನ ಹೊಟ್ಟೆ ಕಲ್ಲಿನಂತೆ ಬಿಗಿಯಿತು, ಕೆಳಗಿನ ಗೆರೆ ಏರಿತು. ಅದು ಇಳಿಯಲು ಶುರುವಾಗುವಾಗ ಮೇಲಿನ ಗೆರೆ ಮತ್ತೆ ತಗ್ಗಿಗೆ ಬಿತ್ತು. ಹಿಂದಿನ ಕಾಗದ ಎಳೆದು ನೋಡಿದೆ. ಮೊದಲ ತಗ್ಗೂ ಹಾಗೆಯೇ, ಬಿಗಿತದ ಹಿಂದೆಯೇ ಬಂದಿತ್ತು. ಹೀಗೆ ಒಂದಕ್ಕೊಂದು ತಾಳೆಯಾದರೆ ಆಫೀಸಿನಲ್ಲಿ ನಾವು ಕುಣಿಯುತ್ತೇವೆ. ಇಲ್ಲಿ ಕಾಗದವನ್ನು ನರ್ಸ್ ಕಡೆ ಚಾಚಿದೆ. ಪ್ರತಿ ಬಿಗಿತಕ್ಕೂ ನನ್ನ ಮಗುವಿಗೆ ಉಸಿರು ಸಾಲುತ್ತಿಲ್ಲ.

ನರ್ಸ್ ಕರೆತಂದ ಡಾಕ್ಟರು ಕಾಗದ ನೋಡಿ, ತಕ್ಷಣ ಆಪರೇಷನ್ ಆಗಬೇಕು ಅಂದರು. ನನ್ನ ಬಾಯಿಂದ ಬಂದ ಮಾತು ನೋಡಿ.

“ಮೂರನೇದು ಬರುತ್ತಾ ನೋಡೋಣ್ವಾ ಡಾಕ್ಟ್ರೇ?”

ನಾನು ಏನು ಕೆಲಸ ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು. ನನ್ನ ಭುಜ ಹಿಡಿದರು.

“ನಿಮ್ಮ ನಕ್ಷತ್ರ ಕಾಯತ್ತಮ್ಮ. ಇದು ಕಾಯಲ್ಲ.”

ನಾನು ತಲೆಯಾಡಿಸಿದೆ. ಗಂಡ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಒಪ್ಪಿಗೆಯ ಕಾಗದಗಳಿಗೆ ಅಮ್ಮನೂ ನಾನೂ ಸಹಿ ಹಾಕಿದೆವು. ಸ್ಟ್ರೆಚರ್ ಥಿಯೇಟರಿನ ಬಾಗಿಲು ದಾಟುವಾಗ ಅವಳು ಚೀಲ ಹಿಡಿದು ಅಲ್ಲೇ ನಿಂತಿದ್ದಳು.

ಸೊಂಟದ ಕೆಳಗೆ ಮರಗಟ್ಟಿತು. ಎದೆಯ ಮುಂದೆ ಹಸಿರು ಪರದೆ ಕಟ್ಟಿದರು. ಒಳಗೆ ಯಾರೋ ಎಳೆದಂತಾಯಿತು, ಹೊಟ್ಟೆ ಹಗುರಾಯಿತು. ಮಗು ಹೊರಗೆ ಬಂದಿದೆ ಎಂದು ತಿಳಿಯಿತು. ಅಳು ಕೇಳಲಿಲ್ಲ. ಪರದೆಯಾಚೆ ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ಏನೋ ಹೀರುವ ಯಂತ್ರದ ಸದ್ದು ಬರುತ್ತಿತ್ತು. ಹೆಣ್ಣೋ ಗಂಡೋ ಎಂದೂ ಯಾರೂ ಹೇಳಲಿಲ್ಲ. ಕಣ್ಣಿಗೆ ಕಾಣದ್ದನ್ನು ಇದೆ ಎಂದು ಸಾಧಿಸುವುದೇ ನನ್ನ ವೃತ್ತಿ. ಅವತ್ತು ಪರದೆಯಾಚೆಗಿನ ನನ್ನ ಮಗುವೇ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದ ಸದ್ದಾಯಿತು. ನರ್ಸ್ ಹೊರಗೆ ಕೂಗಿ ಹೇಳಿದರು.

“ಮಗೂಗೆ ಬಟ್ಟೆ ಕೊಡಿಮ್ಮಾ.”

ನನಗೆ ಇನ್ನೂ ಭಯವಾಯಿತು. ಬಟ್ಟೆಯನ್ನು ಮಗು ಉಳಿದರೂ ಕೇಳುತ್ತಾರೆ, ಉಳಿಯದಿದ್ದರೂ ಕೇಳುತ್ತಾರೆ. ನಾವು ಒಂದು ಚಿಂದಿಯನ್ನೂ ತಂದಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಅಮ್ಮನ ದನಿ ಕೇಳಿತು. “ತಗೊಳ್ಳಿ, ಎಲ್ಲಾ ಇದೆ.”

ಆಮೇಲೆ, ಎಷ್ಟು ಹೊತ್ತಿಗೋ, ಬೆಕ್ಕಿನ ಮರಿಯಂತೆ ಒಂದು ಅಳು. ನಿಂತಿತು. ಮತ್ತೆ ಬಂತು. ಮೂರನೆಯದಕ್ಕೆ ನಾನು ಕಾಯಲಿಲ್ಲ, ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಮಗಳನ್ನು ಮುಖದ ಹತ್ತಿರ ತಂದು ತೋರಿಸಿದರು. ನನ್ನ ಅಪ್ಪನ ಹಳೆ ಪಂಚೆಯ ಮೆತ್ತನೆ ತುಂಡಿನಲ್ಲಿ ಸುತ್ತಿದ್ದರು. ತಲೆಯ ಮೇಲೆ ಅದೇ ಪಂಚೆಯ ಕುಲಾವಿ, ಅಂಚಿಗೆ ಅಮ್ಮನ ಕೈಹೊಲಿಗೆ.

ವಾರ್ಡಿಗೆ ತಂದ ಮೇಲೆ, ಇದನ್ನು ಯಾವಾಗ ಹೊಲಿದೆ ಎಂದು ಕೇಳಿದೆ. ಅವಳು ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

“ನಿನಗೆ ಮೂರು ತಿಂಗಳು ಅಂದ್ಯಲ್ಲ, ಅವತ್ತೇ. ಯಾರಿಗೂ ಹೇಳಿರ್ಲಿಲ್ಲ.”