ಕೊನೆಯ ಅಕ್ಷರದ ಎತ್ತರ

ನಮ್ಮಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವರು. ನಮ್ಮ ಬೀದಿಯಲ್ಲಿ ತಲೆಯೆತ್ತಿದರೆ ಸಾಕು, ಅವರ ಅಕ್ಷರ ಕಣ್ಣಿಗೆ ಬೀಳುತ್ತದೆ. ಉಳಿದವರು ಸೀಮೆಸುಣ್ಣದ ಪುಡಿ ಸವರಿದ ದಾರದಿಂದ ಗೆರೆ ಹೊಡೆದುಕೊಂಡು ಬರೆಯುತ್ತಾರೆ, ಅಪ್ಪನದು ಕಣ್ಣಳತೆ. ಗೆರೆಯೆಲ್ಲ ಕಲಿಯುವವರಿಗೆ ಎನ್ನುತ್ತಿದ್ದರು. ಜಂಬವೇ, ಇರಲಿ ಬಿಡಿ, ಆ ಕೈಗೆ ಒಪ್ಪುತ್ತಿತ್ತು.

ಆಮೇಲೆ ಅಕ್ಷರಗಳು ಕುಗ್ಗತೊಡಗಿದವು. ಸಾಲಿನ ಆರಂಭದಲ್ಲಿ ಗೇಣುದ್ದ ಇದ್ದದ್ದು ಕೊನೆಗೆ ಬೆರಳುದ್ದ. ಬಣ್ಣ ಉಳಿಸುತ್ತಾರೆ ಎಂದು ಔಷಧಿ ಅಂಗಡಿಯವನು ಆಡಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಬ್ರಶ್ಶು ತೊಳೆದಿಟ್ಟು, ನಾನು ತೆರೆಯಲಿದ್ದ ಹೊಲಿಗೆ ಅಂಗಡಿಗೆ ಬೇರೆಯವರಿಂದ ಬೋರ್ಡು ಬರೆಸಿಕೋ ಎಂದುಬಿಟ್ಟರು. ಅಪ್ಪನ ಅಕ್ಷರವಿಲ್ಲದೆ ಅಂಗಡಿ ತೆರೆಯುವುದಿಲ್ಲ ಎಂದು ನಾನೂ ಹಟ ಹಿಡಿದೆ.

ನರರೋಗದ ಡಾಕ್ಟರಮ್ಮ ಅಪ್ಪನನ್ನು ನಡೆಸಿ, ಬರೆಸಿ ನೋಡಿ, ಪಾರ್ಕಿನ್ಸನ್ ಎಂದರು. ತಾಳ್ಮೆಯಿಂದ ಬಿಡಿಸಿ ಹೇಳಿದರು. ಮಿದುಳಿನ ನರಕೋಶಗಳ ನಡುವೆ ಸಣ್ಣ ಸಂದು ಇರುತ್ತದೆ. ಒಂದು ಕೋಶ ಬಿಟ್ಟ ರಾಸಾಯನಿಕ ಸಂದು ದಾಟಿ, ಇನ್ನೊಂದರ ಮೇಲೆ ತನಗೆಂದೇ ಇರುವ ಜಾಗದಲ್ಲಿ ಕೂತರೆ ಸುದ್ದಿ ಮುಟ್ಟಿದಂತೆ. ಅಂಥ ರಾಸಾಯನಿಕಗಳಲ್ಲಿ ಗ್ಲುಟಮೇಟ್ ‘ಏಳು’ ಎನ್ನುತ್ತದೆ, ಗಾಬಾ ‘ಸುಮ್ಮನಿರು’ ಎನ್ನುತ್ತದೆ. ನಿದ್ದೆಯಲ್ಲಿ, ಮನಸ್ಸಿನ ಏರಿಳಿತದಲ್ಲಿ ಸಿರೊಟೋನಿನ್‌ನ ಕೈಯಿದೆ. ನೆನಪು, ಗಮನಕ್ಕೆ ಅಸಿಟೈಲ್‌ಕೋಲಿನ್ ಬೇಕು. ಕೈಕಾಲಿನ ಚಲನೆಗೆ ಹುರುಪು, ಅಳತೆ ಕೊಡುವುದು ಡೋಪಮಿನ್. ಅಪ್ಪನಲ್ಲಿ ಅದನ್ನು ತಯಾರಿಸುವ ಕೋಶಗಳೇ ಸಾಯುತ್ತಿದ್ದವು. ಗುಳಿಗೆಯಿಂದ ಮಿದುಳು ಡೋಪಮಿನ್ ಮಾಡಿಕೊಳ್ಳುತ್ತದೆ, ರೋಗ ಮಾತ್ರ ವಾಸಿಯಾಗುವುದಿಲ್ಲ ಎಂದರು. ಕಣ್ಣೆದುರು ಗೆರೆಯಿದ್ದರೆ ಕೈಗೆ ಅಳತೆ ಸಿಗುತ್ತದಂತೆ.

ಗೆರೆ ಎಂದದ್ದೇ ತಡ, ಅಪ್ಪ ಮುಖ ಊದಿಸಿಕೊಂಡರು. ಗುಳಿಗೆ ನುಂಗಿದರು, ಕೈಯ ಬಿಗಿ ಸಡಿಲವಾಯಿತು, ಗೆರೆಯ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಳೆಯ ಮೇಲೆ ಬರೆದು ನೋಡಿದರೂ ಅಕ್ಷರ ಕುಗ್ಗುತ್ತಲೇ ಇತ್ತು. ನಾನೇನು ಕಡಿಮೆಯೇ? ಅವರ ಮಗಳು! ಮುಚ್ಚಿದ ಅಂಗಡಿಯ ಮೇಲೆ ಖಾಲಿ ಹಲಗೆಯನ್ನೇ ತೂಗುಹಾಕಿದೆ. ಅಪ್ಪ ದಿನಾ ಅದರ ಕೆಳಗೇ ಹಾಯಬೇಕಿತ್ತು.

ಒಂದು ಬೆಳಿಗ್ಗೆ ನೋಡಿದರೆ ಹಲಗೆಯನ್ನು ಇಳಿಸಿ ಸ್ಟೂಲುಗಳ ಮೇಲಿಟ್ಟಿದ್ದಾರೆ. ನನ್ನ ಮುಖ ನೋಡದೆ ಹೇಳಿದರು: "ದಾರದ ಆ ತುದಿ ಹಿಡ್ಕೊಳ್ಳಮ್ಮ."

ನಾನು ತುದಿಯನ್ನು ಬಿಗಿಯಾಗಿ ಹಿಡಿದೆ. ಅವರು ದಾರ ಮೀಟಿದರು, ಬಿಳಿ ಗೆರೆ ಬಿತ್ತು, ಮೇಲೊಂದು, ಕೆಳಗೊಂದು. ಬ್ರಶ್ಶು ನಿಧಾನವಾಗಿ ಸಾಗಿ ಕೊನೆಯ ಅಕ್ಷರ ಮುಗಿಸಿತು. ಅದು ಮೊದಲನೆಯದರಷ್ಟೇ ಎತ್ತರ ನಿಂತಿತ್ತು. ಅಳು ತಡೆಯಲಾಗಲಿಲ್ಲ.

ಬಣ್ಣ ಒಣಗಿದ ಮೇಲೆ ಗೆರೆ ಒರೆಸಲು ಬಟ್ಟೆ ತಂದೆ. ಅಪ್ಪ ನನ್ನ ಕೈ ಹಿಡಿದರು.

"ಒರೆಸ್ಬೇಡ, ಇರ್ಲಿ ಬಿಡು. ಹೇಗೆ ಬರೆದೆ ಅಂತ ಎಲ್ಲರೂ ನೋಡ್ಲಿ."

ಈಗ ನನ್ನ ಅಂಗಡಿಗೆ ಬಂದವರಿಗೆಲ್ಲ ಮೊದಲು ಆ ಗೆರೆ ತೋರಿಸುತ್ತೇನೆ. ಅಳತೆ ತೆಗೆಯುವುದು ಆಮೇಲೆ.