ತಿರುಗಿ ನೋಡಬೇಡ, ಕೇಳು

ನನ್ನ ಗಂಡ ಸುರಕ್ಷತೆಯ ವಿಷಯದಲ್ಲಿ ಮಹಾ ಕಟ್ಟುನಿಟ್ಟಿನ ಮನುಷ್ಯ. ಸನ್ನಿವೇಲ್‌ನ ಮನೆಯಿಂದ ಹೊರಟು ಫ್ರೀವೇ ಹತ್ತಿದ ಮೇಲೂ ಒಲೆ ಆರಿಸಿದ್ದೀಯಾ ಅಂತ ಕೇಳುತ್ತಾನೆ. ಮಗಳು ಸೈಕಲ್ ಕಲಿಯುವಾಗ ಹೆಲ್ಮೆಟ್ಟು, ಮೊಣಕಾಲಿಗೆ ಪಟ್ಟಿ, ಮೊಣಕೈಗೆ ಪಟ್ಟಿ ಅಂತ ಎಷ್ಟು ಕಟ್ಟಿದ್ದನೆಂದರೆ, ಹುಡುಗಿ ಕೈಕಾಲು ಮಡಚಲಾಗದೆ ನಿಂತಲ್ಲೇ ಅತ್ತಿದ್ದಳು. ಇಂಥವನನ್ನು ನಂಬದೆ ಇನ್ಯಾರನ್ನು ನಂಬಲಿ? ಹಾಗೆ ನಂಬಿಯೇ ನಾನು ಚಳಿಗಾಲದ ನದಿಯಲ್ಲಿ, ಅವನಿಗೆ ಬೆನ್ನು ಮಾಡಿ, ತೊಡೆಮಟ್ಟದ ನೀರಿಗೆ ಇಳಿಯುತ್ತಿದ್ದೆ.

ಮೀನು ಹಿಡಿಯುವ ಹುಚ್ಚು ಮೊದಲು ಹತ್ತಿದ್ದು ಅವನಿಗೆ, ಆಫೀಸಿನ ಯಾವುದೋ ಔಟಿಂಗಿನಲ್ಲಿ. ನಾನು ಧಾರವಾಡದವಳು, ಹುಟ್ಟಾ ಸಸ್ಯಾಹಾರಿ. ಒಂದು ಸಲ ಜೊತೆಗೆ ಹೋಗಿ, ದಂಡೆಯ ಮೇಲೆ ಕೂತು ಕೂತು ಬೇಜಾರಾಗಿ, ಕೊಡು ಇಲ್ಲಿ ಅಂತ ಗಾಳ ಇಸಿದುಕೊಂಡೆ. ದಾರದ ಆ ತುದಿಯಲ್ಲಿ ಒಂದು ಜೀವ ಜಗ್ಗಿತು ನೋಡಿ, ನನ್ನ ಕಥೆ ಅಲ್ಲಿಗೆ ಮುಗಿಯಿತು. ಹಿಡಿದ ಮೀನನ್ನು ನೀರೊಳಗೇ ಬಿಡಿಸಿ ಕಳಿಸಿಬಿಡುತ್ತೇವೆ. ತಿನ್ನುವುದಿಲ್ಲವೆಂದ ಮೇಲೆ ಯಾಕಮ್ಮ ಹಿಡಿಯುತ್ತೀರಿ ಅಂತ ದೇವಸ್ಥಾನದಲ್ಲಿ ಸಿಕ್ಕವರು ಚುಡಾಯಿಸುತ್ತಾರೆ.

ನಮ್ಮದು ಚಳಿಗಾಲದ ಮೀನುಗಾರಿಕೆ. ಇಲ್ಲಿ ಹಿತ್ತಲಲ್ಲಿ ಕಿತ್ತಳೆ ಹಣ್ಣಾಗುವ ಹೊತ್ತಿಗೆ ನಾವು ಬೆಳಗಿನ ಜಾವ ಕಾರು ಹತ್ತಿ, ಬೆಟ್ಟ ಏರಿ, ಹಿಮ ದಾಟಿ ಟ್ರಕ್ಕಿ ನದಿಗೆ ಹೋಗುತ್ತೇವೆ. ಬೇಸಿಗೆಯ ಜನಜಂಗುಳಿ ಆಗ ಇರುವುದಿಲ್ಲ. ಟ್ರೌಟ್ ಮೀನುಗಳೆಲ್ಲ ಚಳಿಗೆ ಸೋಮಾರಿಯಾಗಿ ಆಳದ ಮಡುಗಳಲ್ಲಿ ಗುಂಪುಗೂಡಿರುತ್ತವೆ. ಅವು ಬೇಕೆಂದರೆ ನೀವು ಆ ಮಡುವಿನ ಅಂಚಿನ ತನಕ ನೀರಿಗಿಳಿಯಲೇಬೇಕು. ದಂಡೆಯಲ್ಲಿ ನಿಂತು ಎಸೆದರೆ ಅವು ತಿರುಗಿಯೂ ನೋಡುವುದಿಲ್ಲ.

ನೀರಿಗಿಳಿಯುವ ವಿದ್ಯೆಯನ್ನೆಲ್ಲ ನನಗೆ ಕಲಿಸಿದವನು ಅವನೇ. ಒಳಗೆ ಹತ್ತಿಯ ಬಟ್ಟೆ ಕೂಡದು, ಉಣ್ಣೆಯೇ ಆಗಬೇಕು. ಎದೆಯ ತನಕ ಬರುವ ರಬ್ಬರ್ ಪ್ಯಾಂಟಿನ ಮೇಲೆ ಬೆಲ್ಟನ್ನು ಉಸಿರು ಕಟ್ಟುವಷ್ಟು ಬಿಗಿಯಬೇಕು, ಬಿದ್ದರೆ ಅದೇ ನೀರನ್ನು ತಡೆಯುವುದು. ದಂಡೆಯುದ್ದಕ್ಕೂ ಚಾಚಿಕೊಂಡ ಮಂಜುಗಡ್ಡೆಯ ಚಪ್ಪಡಿ ನೋಡಲು ಗಟ್ಟಿ, ಕೆಳಗೆ ಟೊಳ್ಳು. ಕೋಲಿನಿಂದ ಕುಟ್ಟಿ ನೋಡದೆ ಕಾಲಿಡಬಾರದು. ಬಿಸಿಲೇರಿದ ಮೇಲೆ ಅಂಥ ಚಪ್ಪಡಿಗಳು ಮೇಲಿನಿಂದ ಕಳಚಿ ತೇಲಿಬರುತ್ತವೆ, ಆಗ ಯಾವ ಮೀನು ಕರೆದರೂ ಹೊರಗೆ ಬಂದುಬಿಡಬೇಕು. ಕಾರಿನಲ್ಲಿ ಒಣಬಟ್ಟೆಯ ಚೀಲ ಯಾವಾಗಲೂ ಇರಬೇಕು. ಇದನ್ನೆಲ್ಲ ಅವನು ದಾರಿಯುದ್ದಕ್ಕೂ, ಪ್ರತಿ ಸಲವೂ ಒಪ್ಪಿಸುತ್ತಿದ್ದ. ನಾನು ಕಿಟಕಿಯ ಕಡೆ ತಿರುಗಿ ಹೂಂಗುಡುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಮೊಣಕಾಲಿಗಿಂತ ಆಳಕ್ಕೆ ಒಬ್ಬರು ಹೋದರೆ, ಇನ್ನೊಬ್ಬರು ಗಾಳ ಬದಿಗಿಟ್ಟು, ಹಗ್ಗ ಕೈಯಲ್ಲಿ ಹಿಡಿದು, ಕೆಳಗಿನ ತಿರುವಿನ ಬಂಡೆಯ ಮೇಲೆ ನಿಂತಿರಬೇಕು. ಬಿದ್ದವರು ಹೇಗೂ ಅಲ್ಲಿಗೇ ಬರುವುದು. ಆ ಬಂಡೆ ನನ್ನ ಬೆನ್ನ ಹಿಂದಿರುತ್ತಿತ್ತು. ಸೆಳವಿನಲ್ಲಿ, ಪಾಚಿಗಟ್ಟಿದ ಕಲ್ಲುಗಳ ಮೇಲೆ, ಹಿಂದಕ್ಕೆ ತಿರುಗುವಾಗಲೇ ಜನ ಬೀಳುವುದು ಅಂತ ಅವನು ಹೇಳುತ್ತಿದ್ದ. "ತಿರುಗಿ ನೋಡಬೇಡ, ಕೇಳು," ಅಂತ ನನ್ನ ಭುಜಕ್ಕೊಂದು ಪುಟ್ಟ ವಾಕಿಟಾಕಿ ಸಿಕ್ಕಿಸಿದ್ದ. ನಾನು ಆಗಾಗ ಗುಂಡಿ ಒತ್ತಿ, ನಮ್ಮೂರ ಮಾತಿನಲ್ಲಿ, "ಅದೀಯೇನ?" ಅನ್ನುತ್ತಿದ್ದೆ. ಅವನು "ಅದೀನಿ" ಅನ್ನುತ್ತಿದ್ದ.

ಅವನು ಬೆಂಗಳೂರಿನವನು. ಮದುವೆಯಾದ ಹೊಸತರಲ್ಲಿ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಕೇಳಿ ಅಣಕಿಸಲು ಕಲಿತ ಪದ ಅದು. ಬರಬರುತ್ತಾ ಅಣಕ ಹೋಗಿ ಅಕ್ಕರೆ ಉಳಿಯಿತು. ಬೇರೆಯವರ ಎದುರು ಅವನು ಹಾಗೆ ಮಾತಾಡುವುದೇ ಇಲ್ಲ. ಆ ಕೊರೆಯುವ ನೀರಿನಲ್ಲಿ, ಭುಜದಿಂದ ಆ "ಅದೀನಿ" ಕೇಳಿದಾಗ ನನಗೆ ಮೈ ಬೆಚ್ಚಗಾಗುತ್ತಿತ್ತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಆ ದಿನ ಬಿಸಿಲು ಚೆನ್ನಾಗಿತ್ತು. ಗಾಳದ ಕಡ್ಡಿಯ ಉಂಗುರಗಳಲ್ಲಿ ಕಟ್ಟಿಕೊಂಡ ಮಂಜನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಸಾಕಾಗಿತ್ತು, ಮೀನು ಮಾತ್ರ ಒಂದೂ ಇಲ್ಲ. ಕೊರಳಿನ ಕೆಂಪು ಸ್ಕಾರ್ಫು ದಾರಕ್ಕೆ ಸಿಕ್ಕಿಕೊಳ್ಳುತ್ತಿತ್ತೆಂದು ಅದನ್ನು ಕಿತ್ತು ಜಾಕೆಟ್ಟಿನೊಳಗೆ ತುರುಕಿಕೊಂಡೆ. ಆಗಲೇ ಮಡುವಿನ ಆಚೆ ಅಂಚಿನಲ್ಲಿ ಒಂದು ದೊಡ್ಡ ಮೀನು ಹೊರಳಿದ್ದು ಕಂಡಿತು. ಅದನ್ನು ಮುಟ್ಟಬೇಕಾದರೆ ಇನ್ನು ಸ್ವಲ್ಪ ಮುಂದೆ ಹೋಗಬೇಕು.

"ಮುಂದ ಹೊಂಟೀನಿ. ಅದೀಯೇನ?"

"ಅದೀನಿ, ಬಂಡೆ ಮೇಲೇ. ನಿನ್ನ ಕೆಂಪು ಸ್ಕಾರ್ಫು ಕಾಣ್ತಿದೆ. ಹೋಗು."

ಹೋದೆ. ಒಂಟಿಯಾಗಿದ್ದೇನೆ ಅಂತ ಗೊತ್ತಿದ್ದರೆ ನಾನು ಒಂದು ಹೆಜ್ಜೆಯನ್ನೂ ಮುಂದಿಡುತ್ತಿರಲಿಲ್ಲ. ಈ ಮಾತನ್ನು ಆಮೇಲೆ ಅವನಿಗೆ ಎಷ್ಟೋ ಸಲ ಹೇಳಿದ್ದೇನೆ. ಅವನು ಪ್ರತಿ ಸಲವೂ, ಮೇಲಿಂದ ಬಂದ ಚಪ್ಪಡಿ ಗಮನಿಸಬೇಕಾಗಿತ್ತು ಅನ್ನುತ್ತಾನೆ. ಹೌದು, ಗಮನಿಸಬೇಕಾಗಿತ್ತು. ನನ್ನ ಕಣ್ಣು ಮೀನಿನ ಮೇಲಿತ್ತು, ಉಳಿದದ್ದನ್ನು ಅವನ ಕಣ್ಣಿಗೆ ಬಿಟ್ಟಿದ್ದೆ.

ಚಪ್ಪಡಿ ಬಾಗಿಲಿನಷ್ಟು ಅಗಲವಿತ್ತು. ಸದ್ದೇ ಇಲ್ಲದೆ ಬಂದು ತೊಡೆಗೆ ಬಡಿದು ನನ್ನನ್ನು ಕೆಡವಿತು. ನೀರು ಮುಖದ ಮೇಲೆ ಬಂದಾಗ ಉಸಿರು ಒಳಗೇ ನಿಂತಿತು, ಚಳಿ ಅಂತ ಅನ್ನಿಸಲೇ ಇಲ್ಲ, ಯಾರೋ ಎದೆಗೆ ಒದ್ದ ಹಾಗಿತ್ತು. ಆದರೂ ದಾರಿಯುದ್ದಕ್ಕೂ ಕೇಳಿದ ಪಾಠ ಎಲ್ಲಿಗೆ ಹೋಗುತ್ತದೆ? ಅಂಗಾತ ತಿರುಗಿದೆ, ಕಾಲು ಮುಂದೆ ಮಾಡಿದೆ, ಗಾಳ ಬಿಟ್ಟೆ. ಬೆಲ್ಟು ಬಿಗಿಯಾಗಿತ್ತು. ನನಗೆ ಭಯವಾಗಿರಲಿಲ್ಲ, ಸತ್ಯ ಹೇಳುತ್ತೇನೆ. ತಿರುವು ಬರುತ್ತದೆ, ಹಗ್ಗ ಬರುತ್ತದೆ, ಹಿಡಿದುಕೊಂಡರಾಯಿತು ಅಂದುಕೊಂಡೆ. ಹಗ್ಗ ಹಿಡಿಯಲೆಂದು ಒಂದು ಕೈಯನ್ನು ಮೇಲೆತ್ತಿಯೇ ತೇಲಿದೆ.

ಬಂಡೆ ಬಂತು. ಅದರ ಮೇಲೆ ಅವನ ಗಾಳ ಒರಗಿಸಿತ್ತು, ಪಕ್ಕದಲ್ಲಿ ಸುತ್ತಿಟ್ಟ ಹಗ್ಗ ಹಾಗೇ ಇತ್ತು. ಅವನಿರಲಿಲ್ಲ.

ಭಯ ಆಗ ಬಂತು. ಅವನೂ ನೀರಿಗೆ ಬಿದ್ದನೇನೋ ಅಂತ ಮೊದಲು ಅನ್ನಿಸಿದ್ದು. ಎತ್ತಿದ ಕೈ ಬಂಡೆ ದಾಟಿ ಹೋದ ಮೇಲೂ ಹಾಗೇ ಇತ್ತು. ಬಾಯಿ ತುಂಬ ನೀರಿದ್ದರೂ ಅವನ ಹೆಸರು ಹಿಡಿದು ಕೂಗಿದೆ. ತಿರುವಿನಾಚೆ ನದಿ ಅಗಲವಾಗಿ ಆಳ ಕಡಿಮೆಯಾಗುತ್ತದೆ. ಅಲ್ಲಿ ಹಿಮ್ಮಡಿಗೆ ಜಲ್ಲಿಕಲ್ಲು ಸಿಕ್ಕಿತು. ದಂಡೆಯ ಮಂಜುಗಡ್ಡೆಯ ಮೇಲೆ ನಿಂತರೆ ಮುರಿಯುತ್ತದೆಂದು ಹೊಟ್ಟೆಯ ಮೇಲೆ ಮಲಗಿ, ಮೊಣಕೈ ಊರಿ ತೆವಳಿ ಹೊರಗೆ ಬಂದೆ. ಅದೂ ಅವನು ಹೇಳಿಕೊಟ್ಟದ್ದೇ. ವಾಕಿಟಾಕಿ ನೀರು ಕುಡಿದು ಸತ್ತಿತ್ತು. ಬಂಡೆಯ ತನಕ ವಾಪಸ್ಸು ನಡೆದು, ನೀರಿನ ಆಳಕ್ಕೆ ಇಣುಕಿ, ಹುಚ್ಚಿಯ ಹಾಗೆ ಕಿರುಚಿದೆ. ಆಮೇಲೆ ಕೆಳಗೆ ನೋಡಿದೆ. ಹಿಮದಲ್ಲಿ ಅವನ ಬೂಟಿನ ಗುರುತುಗಳು ರಸ್ತೆಯ ಕಡೆ ಹೋಗಿದ್ದವು, ಅಂಚುಗಳು ಆಗಲೇ ಗಟ್ಟಿಯಾಗಿದ್ದವು, ಅವನು ಹೋಗಿ ಬಹಳ ಹೊತ್ತಾಗಿತ್ತು.

ಕಾರಿನ ತನಕ ಹೇಗೆ ಹೋದೆನೋ. ಬೆರಳುಗಳು ನನ್ನ ಮಾತು ಕೇಳುವುದನ್ನು ಬಿಟ್ಟಿದ್ದವು. ಎಂಜಿನ್ ಓಡುತ್ತಿತ್ತು, ಗಾಜಿನ ಮೇಲೆ ಆವಿ ಕಟ್ಟಿತ್ತು. ಒಳಗೆ ಅವನು ಸೀಟು ಹಿಂದಕ್ಕೆ ವಾಲಿಸಿ, ಬೂಟು ಬಿಚ್ಚಿ, ಕಾಲನ್ನು ಹೀಟರಿಗೆ ಒಡ್ಡಿಕೊಂಡು ಕೂತಿದ್ದ. ಕಿವಿಯಲ್ಲಿ ಇಯರ್‌ಫೋನು, ತೊಡೆಯ ಮೇಲೆ ಲ್ಯಾಪ್‌ಟಾಪು. ವಾಕಿಟಾಕಿ ಕಾಫಿ ಲೋಟದ ಪಕ್ಕದಲ್ಲಿತ್ತು. ನಾನು ಮುಷ್ಟಿಯಿಂದ ಗಾಜು ಗುದ್ದಿದೆ. ಅವನು ಪರದೆಯಿಂದ ಕಣ್ಣು ತೆಗೆಯದೆ ಒಂದು ಬೆರಳನ್ನು ಮೇಲೆತ್ತಿದ. ಒಂದು ನಿಮಿಷ ತಾಳು ಅಂತ.

ಆಮೇಲೆ ನೋಡಿದ. ಅವನ ಮುಖ ಬಿಳಿಚಿದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಹೊರಗೆ ಧುಮುಕಿ, ಬೆಲ್ಟು ಬಿಚ್ಚಿ, ಒದ್ದೆ ಬಟ್ಟೆಯನ್ನೆಲ್ಲ ಸುಲಿದು, ಉಣ್ಣೆ ಉಡಿಸಿ, ಕಂಬಳಿ ಹೊದಿಸಿ, ಬೆಚ್ಚಗಿನ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ. ಕೈಕಾಲು ತಿಕ್ಕಬಾರದೆಂದು ಗೊತ್ತಿತ್ತು, ತಿಕ್ಕಲಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದ. ಅಷ್ಟು ಸರಿಯಾಗಿ ಮಾಡುತ್ತಿದ್ದಾನಲ್ಲ ಅಂತಲೇ ನನಗೆ ಹೊಟ್ಟೆ ಉರಿಯಿತು. ಒದ್ದೆ ಜಾಕೆಟ್ಟು ಹಿಂಡುವಾಗ ಅದರೊಳಗಿಂದ ಕೆಂಪು ಸ್ಕಾರ್ಫು ಕೆಳಗೆ ಬಿತ್ತು. ಇಬ್ಬರೂ ಅದನ್ನು ನೋಡಿದೆವು.

"ಕಾಣಾಕತ್ತದ ಅಂದ್ಯಲ್ಲ," ಅಂದೆ. ಹಲ್ಲು ಕಟಕಟ ಅನ್ನುತ್ತಿತ್ತು.

"ಅರ್ಜೆಂಟ್ ಮೀಟಿಂಗು ಕಣೇ. ಎರಡು ನಿಮಿಷ ಅಂತ ಬಂದೆ."

ಬೆಟ್ಟ ಇಳಿದು, ಹಿಮ ಮುಗಿದು, ರಸ್ತೆ ನೇರವಾದ ಮೇಲೆ ನನ್ನ ನಾಲಗೆ ನನ್ನ ಹಿಡಿತಕ್ಕೆ ಬಂತು. ಆಗ ಕೇಳಿದೆ.

"ಪ್ರತಿ ಸರ್ತಿನೂ ಹಿಂಗ ಮಾಡೀಯೇನು?"

ಇಲ್ಲ ಅಂದುಬಿಡು ಅಂತ ಒಳಗೊಳಗೇ ಬೇಡಿಕೊಂಡೆ. ಒಂದು ಸುಳ್ಳು ಹೇಳಿದವನಿಗೆ ಇನ್ನೊಂದು ಹೇಳಲು ಏನು ಕಷ್ಟ? ಆದರೆ ಆ ದಿನ ಅವನು ಸತ್ಯ ಹೇಳಲು ನಿರ್ಧರಿಸಿದ್ದ.

"ಪ್ರತಿ ಸಲ ಅಲ್ಲ. ಚಳಿ ಜಾಸ್ತಿ ಇದ್ದಾಗ. ಬಂಡೆ ಮೇಲೆ ಸುಮ್ನೆ ನಿಂತ್ರೆ ಕಾಲು ಸೆಟೆದು ಹೋಗತ್ತೆ, ನಿನಗೆ ಗೊತ್ತಾಗಲ್ಲ. ನೀನು ಚೆನ್ನಾಗೇ ಮ್ಯಾನೇಜ್ ಮಾಡ್ತಿದ್ದೆ."

ಹಾಗಾದರೆ ಮೀಟಿಂಗೂ ನೆಪವೇ. ಹಿಂದಿನ ಚಳಿಗಾಲಗಳನ್ನೆಲ್ಲ ನಾನು ಮನಸ್ಸಿನಲ್ಲಿ ತಿರುವಿಹಾಕಿದೆ. ಸೊಂಟದ ತನಕ ನೀರಿನಲ್ಲಿ ನಿಂತು ಮೊದಲ ದೊಡ್ಡ ಮೀನು ಹಿಡಿದ ದಿನ, ಹಿಮ ಉದುರುತ್ತಿದ್ದ ದಿನ, "ಅದೀಯೇನ" ಅಂತ ಸುಮ್ಮನೆ ಅವನ ದನಿ ಕೇಳಲೆಂದೇ ಗುಂಡಿ ಒತ್ತಿದ ದಿನ. ಯಾವ ದಿನ ಅವನು ಬಂಡೆಯ ಮೇಲಿದ್ದ, ಯಾವ ದಿನ ಕಾರಿನಲ್ಲಿದ್ದ? ಅದನ್ನು ಈಗ ಬೇರ್ಪಡಿಸಲು ಬರುವುದಿಲ್ಲ. ಒಂದು ಸುಳ್ಳಿನಿಂದ ನನ್ನ ಖುಷಿಯ ದಿನಗಳೆಲ್ಲ ಅನುಮಾನದ ದಿನಗಳಾದವು. ನೀರಿಗೆ ಬಿದ್ದದ್ದನ್ನು ಮರೆತೇನು, ಇದನ್ನು ಮರೆಯಲಾರೆ.

ಮನೆಗೆ ಬಂದು ಮಗಳ ಹತ್ತಿರ ಹೇಳಿ ಅತ್ತೆ. ಅವಳು ನನ್ನನ್ನು ಅಪ್ಪಿಕೊಂಡು, "ಐ ಥಾಟ್ ಯು ನ್ಯೂ, ಅಮ್ಮಾ," ಅಂದಳು, ನಿನಗೆ ಗೊತ್ತೇ ಇದೆ ಅಂದುಕೊಂಡಿದ್ದೆ ಅಂತ. ಕಾರಿನಿಂದ ಅಪ್ಪ ಅವಳಿಗೂ ಎಷ್ಟೋ ಸಲ ಫೋನ್ ಮಾಡುತ್ತಿದ್ದನಂತೆ. ಅಮ್ಮ ನೀರಿನಲ್ಲಿದ್ದಾಳೆ, ನನಗೆ ಬೋರಾಗುತ್ತಿದೆ ಅನ್ನುತ್ತಿದ್ದನಂತೆ. ಅವಳ ತಪ್ಪೇನೂ ಇರಲಿಲ್ಲ, ಆದರೂ ಆ ಕ್ಷಣ ಅವಳ ಮೇಲೂ ಸಿಟ್ಟು ಬಂತು. ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ ಆಗಿದ್ದೆ.

ಆಮೇಲೆ ಮಿಲ್ಪಿಟಾಸ್‌ನ ಗೆಳೆಯರ ಮನೆಯಲ್ಲಿ ಊಟಕ್ಕೆ ಕೂತಾಗ ಅವನೇ ಈ ಕಥೆ ತೆಗೆದ. ಬೆಲ್ಟಿನ ಮಹತ್ವ ವಿವರಿಸಿದ, ಒಣಬಟ್ಟೆಯ ಚೀಲ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಹೇಳಿದ. ಎಲ್ಲರೂ ಅವನನ್ನು ಮೆಚ್ಚಿಕೊಂಡರು. ನಿಮ್ಮ ಪುಣ್ಯ, ಇಂಥ ಗಂಡ ಜೊತೆಗಿದ್ದರು ಅಂತ ಮನೆಯಾಕೆ ನನ್ನ ಕೈ ಹಿಡಿದರು. ಅವನು ನನ್ನ ಕಡೆ ನೋಡಿದ, ಹೇಳಬೇಡ ಅನ್ನುವ ಹಾಗೆ. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಮುಂದಿನ ಚಳಿಗಾಲಕ್ಕೆ ಅವನೇ ಬಾ ಅಂತ ಕರೆದ. ಕಾಲಿಗೆ ಬ್ಯಾಟರಿಯಿಂದ ಬಿಸಿಯಾಗುವ ಸಾಕ್ಸು ತರಿಸಿದ್ದ, ಲ್ಯಾಪ್‌ಟಾಪನ್ನು ನನಗೆ ಕಾಣುವ ಹಾಗೆ ಮನೆಯ ಮೇಜಿನ ಮೇಲೇ ಬಿಟ್ಟು ಬಂದ. ದಾರಿಯಲ್ಲಿ ಪಾಠ ಒಪ್ಪಿಸಲಿಲ್ಲ. ಅದೇ ಮಡು, ಅದೇ ಬಂಡೆ. ಅವನು ಹಗ್ಗ ಹಿಡಿದು ನಿಂತ. ನಾನು ಮೊಣಕಾಲಿನ ತನಕ ಇಳಿದೆ. ನಾನು ಕೇಳುವ ಮೊದಲೇ ಭುಜದ ಹೊಸ ವಾಕಿಟಾಕಿಯಿಂದ ಅವನ ದನಿ ಬಂತು.

"ಅದೀನಿ."

ನಾನು ಕೋಲು ಊರಿ, ಸೆಳವಿನಲ್ಲಿ ಒಂದೊಂದೇ ಹೆಜ್ಜೆ ಸರಿಸಿ, ಪೂರ್ತಿ ಹಿಂದಕ್ಕೆ ತಿರುಗಿ ನೋಡಿದೆ. ಇದ್ದ. ಹಗ್ಗದ ಕೈ ಎತ್ತಿ ತೋರಿಸಿದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತಿರುಗಿ ನೋಡಿದೆ. ಆಗಲೂ ಇದ್ದ, ಮೂಗು ಕೆಂಪಾಗಿತ್ತು. ಮಡುವಿನ ಆಚೆ ಅಂಚಿನಲ್ಲಿ ಮೀನುಗಳು ಹೊರಳುತ್ತಿದ್ದವು. ಬಿಸಿಲು ಇಳಿಯುವ ತನಕ ನಾನು ಅಲ್ಲೇ, ಮೊಣಕಾಲಿನ ನೀರಿನಲ್ಲೇ ನಿಂತಿದ್ದೆ.

ವಾಪಸ್ಸು ಬರುವಾಗ ಅವನು ಕೇಳಿದ, "ಒಂದೂ ಸಿಗಲಿಲ್ವಾ?"

"ಇಲ್ಲ."

"ಸ್ವಲ್ಪ ಆಳಕ್ಕೆ ಹೋಗಬೇಕಿತ್ತು. ನಾನು ಅಲ್ಲೇ ಇದ್ನಲ್ಲ."

"ಗೊತ್ತು," ಅಂದೆ. "ನೋಡಿದೆ."